ಒಗ್ಗರಣೆ ಹಾಕಿದ ನೀರು

ಕೆಳಗಿನ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಾರೆ. ಕಿಟಕಿ ಮುಚ್ಚಿದೆ, ಮತ್ತೆ ತೆರೆದೆ. ಈ ವಾಸನೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಖರಾಡಿಯ ಆ ತಗಡಿನ ಬಾಲವಾಡಿ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಎಲ್ಲರೂ ಮೌಶಿ ಎಂದೇ ಕರೆಯುತ್ತಿದ್ದ ಹೆಂಗಸು...

ಎರಡು ಸಾವಿರದ ಇಸವಿಯ ಈಚೆಯ ಮಾತು. ಮರಾಠಿ ಸೀಮೆಯ ಆ ಖರಾಡಿಯಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ನಮ್ಮ ಮನೆಯೆದುರಿನ ಕಟ್ಟಡಕ್ಕೆ ಗುಲ್ಬರ್ಗಾ ಕಡೆಯ ಹೆಂಗಸರು ಇಟ್ಟಂಗಿ ಹೊರುತ್ತಿದ್ದರು. ಅವರ ಮಕ್ಕಳು ಬಾಲವಾಡಿಯಲ್ಲಿ, ಅದೇ ಕಡೆಯವರಾದ ಮೌಶಿಯ ಹತ್ತಿರ ಇರುತ್ತಿದ್ದವು. ಮಧ್ಯಾಹ್ನದ ಖಿಚಡಿಯ ಆಸೆಗೆ ಒಂದೂ ಹೊರಗೆ ಕಾಲಿಡುತ್ತಿರಲಿಲ್ಲ.

ಒಂದು ದಿನ ಬಾಲವಾಡಿಗೆ ಅಕ್ಕಿ ಬೇಳೆ ಬರುವುದು ನಿಂತಿತು. ಸರಕಾರಕ್ಕೆ ಖರ್ಚು ಹೆಚ್ಚಾಗಿದೆಯಂತೆ, ಅನುದಾನ ಕಡಿತವಂತೆ. ಅಲ್ಲ, ಅಷ್ಟು ದೊಡ್ಡ ಸರಕಾರಕ್ಕೆ ಕಡಿಯಲು ಸಿಕ್ಕಿದ್ದು ಆ ಮಕ್ಕಳ ತಟ್ಟೆಯೇ? ಇವತ್ತಿಗೂ ಮೈ ಉರಿಯುತ್ತದೆ.

ಮಕ್ಕಳು ಒಂದೊಂದಾಗಿ ಅವ್ವಂದಿರನ್ನು ಹುಡುಕಿಕೊಂಡು ಕಟ್ಟಡದತ್ತ ಹೋಗತೊಡಗಿದವು. ಅಲ್ಲಿ ಬಾಯ್ತೆರೆದ ನೀರಿನ ಟಾಕಿ, ಮೇಲಿಂದ ಬೀಳುವ ಇಟ್ಟಂಗಿ ಚೂರು. ಮೌಶಿ ಹಿಂದೆ ಹಿಂದೆ ಓಡಿ ಹಿಡಿದು ತರುತ್ತಿದ್ದರು. ನಾನೂ ಒಂದೆರಡು ದಿನ ಅನ್ನ ಮಾಡಿ ಕೊಟ್ಟೆ. ಅಷ್ಟು ಮಕ್ಕಳಿಗೆ ನನ್ನ ಕುಕ್ಕರು ಎಲ್ಲಿ ಸಾಲಬೇಕು!

ಆಮೇಲೊಂದು ಮಧ್ಯಾಹ್ನ ಬಾಲವಾಡಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಅಬ್ಬಾ, ಬೇಳೆ ಬಂತೇನೋ ಎಂದು ಖುಷಿಯಿಂದ ಓಡಿದೆ. ಪಾತ್ರೆಯಲ್ಲಿ ಬರೀ ನೀರು ಕುದಿಯುತ್ತಿತ್ತು, ಮೇಲೆ ಒಗ್ಗರಣೆ.

"ಇದೇನ್ರಿ ಮೌಶಿ, ಕೂಸುಗೋಳಿಗೆ ಮೋಸ ಮಾಡ್ತೀರೇನು?" ಎಂದೆ.

"ವಾಸನಿ ಬಂದ್ರ ಕುಂದರತಾವ್ರಿ ಅಕ್ಕಾರ. ಟಾಕಿ ಕಡೆ ಹೋಗಲಿಲ್ಲಂದ್ರ ಸಾಕು ನನಗ" ಎಂದರು, ಸೌಟು ತಿರುವುತ್ತಲೇ.

ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು. ಬಾಗಿಲ ಬಳಿಯ ಪುಟ್ಟ ಹುಡುಗಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು. "ಬರೇ ನೀರದ, ನಮಗ ಗೊತ್ತದ. ಎದ್ದು ಹೋದ್ರ ಮೌಶಿ ಅಳ್ತಾಳ..."

ಎಷ್ಟು ದಿನ ಕೂತಾವು, ಪಾಪ? ಹೊಟ್ಟೆ ಕೇಳಬೇಕಲ್ಲ. ಸಾಲು ಕರಗಿತು. ಕೊನೆಗೆ ಬಾಲವಾಡಿಯ ತಗಡನ್ನೂ ಕಿತ್ತರು. ಮೌಶಿ ಎತ್ತ ಹೋದರೋ, ಆ ಹುಡುಗಿ ಏನಾದಳೋ... ಇವತ್ತಿಗೂ ಗೊತ್ತಿಲ್ಲ.

ಈಗ ಈ ವಾಸನೆಗೆ ಇನ್ನು ತಡೆಯಲಾಗದೆ ಇಳಿದು ಹೋಗಿ ಕೆಳಗಿನ ಮನೆಯ ಬಾಗಿಲು ತಟ್ಟಿದೆ. "ಬರ್ರಿ ಕಾಕು, ಊಟಕ್ಕ ಕೂಡ್ರಿ" ಎಂದಳು ಆ ಮನೆಯ ಸೊಸೆ. ನಾನು ನೆಟ್ಟಗೆ ಒಲೆಯ ಹತ್ತಿರ ಹೋಗಿ ಪಾತ್ರೆಯೊಳಗೆ ಇಣುಕಿದೆ.

ಬೇಳೆ ಇತ್ತು. ಗಟ್ಟಿಯಾಗಿ, ಹಳದಿಯಾಗಿ ಕುದಿಯುತ್ತಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.