ಕಿಟಕಿ ಗಾಜಿನ ಮೇಲಿನ ಗಾಲ್ಫ್ ಮೈದಾನ

ಮೊನ್ನೆ ಕಚೇರಿಯ ಹಳೆ ಬೀರು ಖಾಲಿ ಮಾಡುವಾಗ ಟ್ರೇಸಿಂಗ್ ಹಾಳೆಗಳ ಸುರುಳಿಯೊಂದು ಸಿಕ್ಕಿತು. ಬಿಚ್ಚಿದ್ದೇ ತಡ, ಮೇಷ್ಟ್ರು ಏರಿಸುತ್ತಿದ್ದ ನಶ್ಯದ ಘಾಟು ಮೂಗಿಗೆ ಬಡಿಯಿತು. ಸೀನುತ್ತಲೇ ನಗು ಬಂತು.

ಭದ್ರಾವತಿಯಲ್ಲಿ ಡಿಪ್ಲೊಮಾ ಓದುವಾಗ ನನಗೆ ಸರ್ವೆ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಭದ್ರಾವತಿಯ ಕಾಗದನಗರದ ಮನೆಯಿಂದ ದಿನಾ ಬಸ್ ಹತ್ತಿ, ಶಿವಮೊಗ್ಗದಲ್ಲಿ ನಾನು ಕೆಲಸಕ್ಕೆ ಸೇರಿದ್ದ ಈ ಪುಟ್ಟ ನಕ್ಷೆ ಕಚೇರಿಗೆ ಬರುತ್ತಿದ್ದರು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿಯಲು, ಅದೂ ನನ್ನಿಂದ. "ಮೇಡಂ, ಇನ್ನೊಂದ್ಸಲ ಹೇಳಿ" ಎಂದು ಬೇಕಂತಲೇ ಕಾಲೆಳೆಯುತ್ತಿದ್ದರು.

ಆಗ ಬಂದದ್ದು ಗಾಲ್ಫ್ ಮೈದಾನದ ಕೆಲಸ. ರೆಸಾರ್ಟ್ ಕಟ್ಟುವವರೊಬ್ಬರಿಗೆ ಮಲವಗೊಪ್ಪದ ಆಚೆ ಜಾಗ ಬೇಕಿತ್ತು. ಇಳಿಜಾರು, ಮಣ್ಣು, ನೀರು, ರಸ್ತೆ, ಊರು, ಹೀಗೆ ಒಂದೊಂದಕ್ಕೂ ನಕ್ಷೆ ಮಾಡಿ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, ಎಲ್ಲಕ್ಕೂ ಒಪ್ಪುವ ಜಾಗ ಹುಡುಕಬೇಕು. ನಾನೊಬ್ಬಳೇ ಹೊತ್ತ ಮೊದಲ ಕೆಲಸ. ವಾರದೊಳಗೆ ಜಾಗ ಸಿಕ್ಕಿತು. ಸಮತಟ್ಟಾಗಿತ್ತು, ನೀರೂ ಹತ್ತಿರ.

ಮೇಷ್ಟ್ರು ತಮ್ಮ ಖುಷಿಗೆ ಅದನ್ನೇ ಹಳೆ ಸರ್ವೆ ನಕ್ಷೆಗಳನ್ನಷ್ಟೇ ನೋಡಿ ಕೈಯಲ್ಲಿ ಬರೆದರು. ಐದು ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಕಿಟಕಿ ಗಾಜಿಗೆ ಅಂಟಿಸಿದರು. ಬಿಸಿಲಿಗೆ ಗೆರೆಗಳೆಲ್ಲ ಒಟ್ಟಿಗೆ ಕಂಡವು. ಅವರ ಜಾಗ ನನ್ನದಕ್ಕಿಂತ ಆಚೆ ಬಂತು.

"ನಾನೇ ತಪ್ಪಿರಬೇಕು" ಎಂದು ಮತ್ತೆ ಅಳೆದರು. ಆಮೇಲೆ ಮೆಲ್ಲಗೆ ಕೇಳಿದರು, "ಮಾರಾಯ್ತಿ, ನಿನ್ನ ನಕ್ಷೆಯ ಕೆರೆ ಎಲ್ಲಿಂದ ತಗೊಂಡೆ?"

ಕೆರೆಯನ್ನು ಹಳೆ ಸರ್ವೆ ನಕ್ಷೆಯಿಂದ ತೆಗೆದಿದ್ದೆ. ಉಳಿದದ್ದೆಲ್ಲ ಉಪಗ್ರಹದ ಮಾಹಿತಿ. ಎರಡೂ ಅಳತೆ ಶುರುಮಾಡುವ ಆಧಾರವೇ ಬೇರೆ, ಒಂದಕ್ಕೊಂದು ಹೊಂದಿಸುವುದನ್ನು ಮರೆತಿದ್ದೆ. ಹಾಗಾಗಿ ನನ್ನ ನಕ್ಷೆಯಲ್ಲಿ ಕೆರೆಯೇ ಪಕ್ಕಕ್ಕೆ ಸರಿದು ಕೂತಿತ್ತು. ನಾನು ಆರಿಸಿದ ಜಾಗದ ಅರ್ಧ ನಿಜದಲ್ಲಿ ಕೆರೆಯಂಗಳ.

ಮರುದಿನ ಬೆಳಿಗ್ಗೆ ರೆಸಾರ್ಟಿನವರು ಬರುವವರಿದ್ದರು.

"ಕೆಲಸ ಹೋಗುತ್ತೆ ಸಾರ್."

"ಇದ್ದದ್ದು ಇದ್ದ ಹಾಗೆ ಹೇಳು. ನಾನೂ ಬರ್ತೀನಿ."

ಆಗಲೇ ಅವರ ಜೊತೆ ಹೋಗಿ ನಮ್ಮ ಕಚೇರಿಯ ಸಾಹೇಬರಿಗೆ ಹೇಳಿದೆ. ಸಾಹೇಬರು ಗದರಿದರು, ಸಂಜೆಯೊಳಗೆ ಸರಿಮಾಡು ಎಂದರು. ಮೇಷ್ಟ್ರು ಊಟಕ್ಕೂ ಏಳಲಿಲ್ಲ. ಐದು ಗಂಟೆಗೆ ಪರದೆಯ ಮೇಲೆ ಹೊಸ ಜಾಗ ಮೂಡಿತು. ಸರಿಯಾಗಿ ಅವರ ಹಾಳೆಯಲ್ಲಿದ್ದ ಜಾಗವೇ. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಕಚೇರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು.

"ಅಲ್ಲ ಕಣೇ, ಈ ಗಾಲ್ಫ್ ಆಡೋದು ಹೇಗೆ?" ಬಜ್ಜಿ ತಿನ್ನುತ್ತಾ ಕೇಳಿದರು.

ನನಗೂ ಗೊತ್ತಿರಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಮೈದಾನ ಶುರುವಾದದ್ದು ಈ ವರ್ಷ. ಹೋದ ಭಾನುವಾರ ಬೇಲಿಯ ಪಕ್ಕ ನಿಂತು ನೋಡಿದೆ. ಯಾರೋ ಹೊಡೆದ ಚೆಂಡು ಹುಲ್ಲಿನ ಮೇಲೆ ಉರುಳುತ್ತಾ ಬಂದು ಗುಳಿಯೊಳಗೆ ಬಿತ್ತು. ಓ, ಹೀಗಾ ಆಡೋದು ಅನ್ನಿಸಿತು. ಕೂಡಲೇ ಭದ್ರಾವತಿ ಬಸ್ ಹತ್ತಿ ಮೇಷ್ಟ್ರಿಗೆ ಹೇಳಿಬರಬೇಕು ಎಂದು ರಸ್ತೆಯವರೆಗೂ ನಡೆದುಬಿಟ್ಟಿದ್ದೆ...