ಬೆಳ್ಳಾರೆ ಬಸ್ಸಿನಲ್ಲಿ ನಿಂತ ತುರಿಕೆ

ಹೊಟ್ಟೆನೋವು ಬಂದವನೇ ಓಮ ತಿನ್ನಬೇಕು ಎಂಬ ಮಾತಿನಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ. ಒಬ್ಬನ ಕಾಯಿಲೆಗೆ ಇನ್ನೊಬ್ಬ ಹರಕೆ ಹೊರುವುದು, ನೂಲು ಕಟ್ಟುವುದು, ಉಪ್ಪು ಮೆಣಸು ನಿವಾಳಿಸುವುದು, ಇವನ್ನೆಲ್ಲ ಕಂಡರೆ ನಗುತ್ತಿದ್ದೆ. ನಾನು ದರ್ಜಿ. ಹೊಲಿದದ್ದು ಮೈಗೆ ಕೂತರೆ ಸರಿ, ಕೂರದಿದ್ದರೆ ತಪ್ಪು. ನಡುವೆ ಮೂರನೆಯದೊಂದು ಇದೆ ಎಂದು ಒಪ್ಪುವ ಸ್ವಭಾವ ನನ್ನದಲ್ಲ. ಹರಕೆ, ನೂಲುಗಳನ್ನು ಈಗಲೂ ನಂಬುವುದಿಲ್ಲ. ಆದರೆ ಬೆಳ್ಳಾರೆ ಬಸ್ಸಿನಲ್ಲಿ ನಡೆದದ್ದನ್ನು ಏನು ಮಾಡಲಿ? ನೀವು ನಂಬಬೇಕೆಂದು ನನ್ನ ಹಟವಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ಅರುವತ್ತರ ದಶಕದ ಮೊದಲ ವರ್ಷಗಳು. ಪುತ್ತೂರು ಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು, ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದೆ. ಹಳದಿ ಇಳಿಯಿತು, ಮತ್ತೆ ಬಂತು. ಕೊನೆಗೆ ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಇದು ಬರಿಯ ಕಾಮಾಲೆಯಲ್ಲ, ಲಿವರಿನದೇ ಕಾಯಿಲೆ, ಬೇಗ ಬಿಟ್ಟುಹೋಗುವ ಜಾತಿಯದಲ್ಲ ಎಂದರು. ನೋವಿಗೆಂದು ಸಿಕ್ಕಿದ ಮಾತ್ರೆ ನುಂಗಬೇಡಿ ಎಂದೂ ಹೇಳಿದರು. ನೋವನ್ನು ನಾನು ಹೇಗೋ ಪಳಗಿಸಿಕೊಂಡೆ. ಸೊಂಟದಲ್ಲಿ ಪಂಚೆ ಸಡಿಲ ಮಾಡಿ, ಮೆಷಿನಿನ ಮುಂದೆ ಸ್ವಲ್ಪ ಓರೆಯಾಗಿ ಕೂತರೆ ಕೆಲಸ ಸಾಗುತ್ತಿತ್ತು. ಪಳಗದೆ ಉಳಿದದ್ದು ತುರಿಕೆ.

ಮೈಮೇಲೆ ಗುಳ್ಳೆಯಿಲ್ಲ, ಕಜ್ಜಿಯಿಲ್ಲ. ಆದರೂ ಅಂಗೈ, ಅಂಗಾಲು, ಬೆನ್ನು ಒಳಗಿನಿಂದ ತುರಿಸುತ್ತಿದ್ದವು. ಎಷ್ಟು ಕೆರೆದರೂ ತುರಿಕೆ ಇರುವ ಜಾಗಕ್ಕೆ ಉಗುರು ಮುಟ್ಟುತ್ತಿರಲಿಲ್ಲ. ರಕ್ತ ಬಂದೀತೆಂದು ಹೆಂಡತಿಯೇ ಕೂತು ನನ್ನ ಉಗುರು ಕತ್ತರಿಸಿದಳು. ಒದ್ದೆ ಬಟ್ಟೆ ಸುತ್ತಿದಳು, ಕಹಿಬೇವಿನ ನೀರು ಹೊಯ್ದಳು. ಅಂಗಿಯ ಹೊಲಿಗೆ ತಾಗಿದಲ್ಲೆಲ್ಲ ಉರಿಯುತ್ತಿದ್ದುದರಿಂದ ನಾನು ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಡತೊಡಗಿದೆ.

"ಟೈಲರ್ರೇ, ಅಂಗಿ ಉಲ್ಟಾ ಉಂಟಲ್ಲ ಮಾರಾಯ್ರೆ!" ಎಂದು ಗಿರಾಕಿಗಳು ನಗುತ್ತಿದ್ದರು.

"ಹೊಸ ಫ್ಯಾಷನ್. ನಿಮಗೂ ಹೊಲಿದು ಕೊಡುದಾ?" ಎನ್ನುತ್ತಿದ್ದೆ.

ತಮಾಷೆ ಹಗಲಿಗೆ ಮಾತ್ರ. ನಿದ್ದೆ ಎಂಬುದು ನನ್ನನ್ನು ಬಿಟ್ಟೇ ಹೋಗಿತ್ತು. ಕತ್ತರಿ ಹಿಡಿದರೆ ಗೆರೆ ಕಾಣದೆ ಬಟ್ಟೆ ಹಾಳಾಗುತ್ತಿತ್ತು. ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರುವಲ್ಲಿ ಕುತ್ತಿಗೆಯವರೆಗೆ ಇಳಿದು ನಿಂತರೆ ತಣ್ಣಗಾದೀತು, ಮತ್ತೆ ಮೇಲೆ ಬರುವುದೇ ಬೇಡ ಎಂದು ಆಗಾಗ ಅನಿಸುತ್ತಿತ್ತು. ಅದನ್ನು ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಹೇಗೆ ತಿಳಿಯಿತೋ, "ಸ್ವಲ್ಪ ದಿನ ಬೆಳ್ಳಾರೆಗೆ, ಅಕ್ಕನ ಮನೆಗೆ ಹೋಗಿ ಬನ್ನಿ" ಎಂದು ಹೊರಡಿಸಿದಳು.

ಮಧ್ಯಾಹ್ನದ ಬಸ್ಸು. ಕಿಟಕಿಯ ಬದಿಗೆ ಕೂತೆ. ಹೊರಟ ಸ್ವಲ್ಪ ಹೊತ್ತಿಗೆ ಅಂಗಾಲಿನ ತುರಿಕೆ ಶುರುವಾಯಿತು. ಚಪ್ಪಲಿ ಕಳಚಿ ಸೀಟಿನ ಕಬ್ಬಿಣದ ಕಾಲಿಗೆ ಉಜ್ಜಿದೆ. ಜನರೆದುರು ಇನ್ನೇನು ಮಾಡಲಾಗುತ್ತದೆ? ಕುಂಬ್ರದಲ್ಲಿ ಒಬ್ಬ ಹತ್ತಿ ನನ್ನ ಪಕ್ಕ ಕೂತ. ನಡುವಯಸ್ಸು, ಬಿಳಿ ಮುಂಡು, ತಲೆಗೆ ಟೊಪ್ಪಿ, ತೊಡೆಯ ಮೇಲೊಂದು ಬಟ್ಟೆಯ ಚೀಲ. ಬ್ಯಾರಿ ವ್ಯಾಪಾರಿ ಇರಬೇಕು ಎಂದುಕೊಂಡೆ. ಅವನು ನನ್ನ ಅಂಗಿಯನ್ನೊಮ್ಮೆ ನೋಡಿದ, ನಗಲಿಲ್ಲ. ಎಡಗಾಲನ್ನು ಮಡಚಿ ಮೇಲೆತ್ತಿಕೊಂಡು ತನ್ನ ಅಂಗಾಲನ್ನು ಹೆಬ್ಬೆರಳಿನ ಉಗುರಿನಿಂದ ತುರಿಸತೊಡಗಿದ.

ನನ್ನ ಎಡ ಅಂಗಾಲಿನ ತುರಿಕೆ ನಿಂತಿತು.

ಕಡಿಮೆಯಾದದ್ದಲ್ಲ, ನಿಂತದ್ದು. ಕಾಕತಾಳೀಯ ಎಂದುಕೊಂಡೆ. ಅವನು ಬಲ ಅಂಗೈ ತುರಿಸಿಕೊಂಡ. ನನ್ನ ಬಲ ಅಂಗೈ ತಣ್ಣಗಾಯಿತು. ನೋಡಿದ್ದರಿಂದ ಹೀಗಾಗುತ್ತಿದೆ, ಇದು ಮನಸ್ಸಿನ ಆಟ ಎಂದು ಪರೀಕ್ಷೆಗಾಗಿ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಡ ಅಂಗೈಯ ತುರಿಕೆಯೂ ಆರಿತು. ಕಣ್ಣು ತೆರೆದು ನೋಡಿದರೆ ಅವನು ತನ್ನ ಎಡ ಅಂಗೈಯನ್ನು ಚೀಲದ ಹಿಡಿಗೆ ಉಜ್ಜುತ್ತಿದ್ದ. ನನಗೆ ಹೆದರಿಕೆಯಾಯಿತು. ಸುಳ್ಳು ಯಾಕೆ, ಹೆದರಿಕೆಗಿಂತ ಹೆಚ್ಚಾಗಿ ಅವನು ನಿಲ್ಲಿಸದಿರಲಿ ಎಂಬ ಆಸೆಯಾಯಿತು.

ಅವನು ನನ್ನ ಕಡೆ ಸ್ವಲ್ಪ ಬಾಗಿ, "ಇನ್ನು ಎಲ್ಲಿ ಉಂಟು?" ಎಂದು ಮೆಲ್ಲಗೆ ಕೇಳಿದ.

"ಬೆನ್ನಿನಲ್ಲಿ. ಎಡಬದಿ" ಎಂದೆ. ಯಾಕೆ ಉತ್ತರ ಕೊಟ್ಟೆನೋ ಗೊತ್ತಿಲ್ಲ.

ಅವನು ಸೀಟಿಗೆ ಬೆನ್ನು ಉಜ್ಜಿಕೊಂಡ. ಅದೂ ನಿಂತಿತು.

"ನಿಮಗೂ ಈ ತುರಿಕೆ ಉಂಟಾ?" ಎಂದು ಕೇಳಿದೆ.

"ನನಗಾ? ಇಲ್ಲ ಮಾರಾಯ್ರೆ."

"ಮತ್ತೆ ಎಂತಕ್ಕೆ ತುರಿಸುದು?"

"ಯಾರಿಗಾದ್ರೂ ಇರ್ತದಲ್ಲ" ಎಂದ. "ನೀವು ಮಲಗಿ."

ಇನ್ನೂ ಕೇಳುವುದಿತ್ತು. ಆದರೆ ತುರಿಕೆಯಿಲ್ಲದ ಮೈ ಎಷ್ಟು ಹಗುರ ಎಂಬುದು ನನಗೆ ಮರೆತೇಹೋಗಿತ್ತು. ಹಾಗೇ ನಿದ್ದೆ ಬಂದುಬಿಟ್ಟಿತು.

ಬೆಳ್ಳಾರೆಯಲ್ಲಿ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ವಿಚಾರಿಸಿದೆ. "ಆ ಟೊಪ್ಪಿಯವರಾ? ದಾರಿಯಲ್ಲೇ ಇಳಿದ್ರು. ಟಿಕೆಟ್ ಬೆಳ್ಳಾರೆಗೇ ತೆಗೆದದ್ದು. ಎಂತದೋ, ತುಂಬ ತುರಿಸ್ತಾ ಇದ್ರು, ಪಾಪ" ಎಂದ. ಎಲ್ಲಿಯವರೋ ಅವನಿಗೂ ತಿಳಿಯದು. ಅಂದು ಅಕ್ಕನ ಮನೆಯಲ್ಲಿ ಊಟ ಮಾಡಿದವನು ಮರುದಿನ ಬೆಳಿಗ್ಗೆಯವರೆಗೆ ಮಲಗಿದೆ. ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ಅಕ್ಕ ಬಂದು ಬಂದು ನೋಡಿದಳಂತೆ.

ಎದ್ದ ಮೇಲೆ ತುರಿಕೆ ಮತ್ತೆ ಬಂತು. ಆದರೆ ಉಪ್ಪಿನಂಗಡಿಯ ಹೊಳೆಯ ಯೋಚನೆ ಬರಲಿಲ್ಲ. ತುರಿಕೆ ನಿಲ್ಲಬಲ್ಲದು ಎಂದು ಗೊತ್ತಾಗಿತ್ತಲ್ಲ, ಅಷ್ಟು ಸಾಕಾಯಿತು. ಮಂಗಳೂರಿನ ಡಾಕ್ಟರರ ಮದ್ದು, ಪಥ್ಯ, ಒದ್ದೆ ಬಟ್ಟೆ, ಇವುಗಳಲ್ಲಿ ಎರಡು ಮೂರು ವರ್ಷ ತಳ್ಳಿದ ಮೇಲೆ ಕಾಯಿಲೆ ಹಿಡಿತಕ್ಕೆ ಬಂತು. ಅಂಗಿಯನ್ನು ಸರಿಯಾಗಿ ತೊಡುವಂತಾದೆ. ಆ ಮನುಷ್ಯನನ್ನು ಬೆಳ್ಳಾರೆಯ ಸಂತೆಯಲ್ಲಿ, ಕುಂಬ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಡಾಕ್ಟರರಲ್ಲಿ ಹೇಳಿದಾಗ, "ನಿದ್ದೆಗೆಟ್ಟವರಿಗೆ ಹಾಗೆಲ್ಲ ಅನಿಸುದುಂಟು" ಎಂದರು. ಇರಬಹುದು. ಆದರೆ ಕಂಡಕ್ಟರನಿಗೆ ನಿದ್ದೆ ಕೆಟ್ಟಿರಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ ಕಡಬಕ್ಕೆ ಹೋಗುತ್ತಿದ್ದೆ. ರಾಮಕುಂಜದ ಹತ್ತಿರ ಒಬ್ಬರು ಬಸ್ಸು ಹತ್ತಿ ನನ್ನ ಎದುರಿನ ಸೀಟಿನಲ್ಲಿ ಕೂತರು. ನೋಡಿದರೆ ಶಾಲೆಯ ಮೇಷ್ಟ್ರು ಅನಿಸುವಂತಿದ್ದರು. ಅವರ ಅಂಗಿಯ ಹೊಲಿಗೆಗಳು ಹೊರಗಿದ್ದವು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮೇಷ್ಟ್ರು ಕೆಳಗೆ ನೋಡುತ್ತ ಕಾಲನ್ನು ಸೀಟಿನ ಕಬ್ಬಿಣಕ್ಕೆ ಉಜ್ಜುತ್ತಿದ್ದರು.

ನನಗೆ ತುರಿಕೆ ಇರಲಿಲ್ಲ. ಚಪ್ಪಲಿ ಕಳಚಿ, ಕಾಲು ಮಡಚಿ ಮೇಲೆತ್ತಿಕೊಂಡು, ಕಡಬ ಬರುವವರೆಗೂ ಅಂಗಾಲು ತುರಿಸುತ್ತ ಕೂತೆ. ಅವರಿಗೆ ಏನಾದರೂ ಆಯಿತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.