ಮಂಜೂರಾತಿ ಬರುವವರೆಗಿನ ಮುದ್ದೆ

ಬಂಗಾರಪೇಟೆಯಲ್ಲಿ ರೈಲು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ವನಿತಾ, ಮೈತೂಕ ವಿಪರೀತ ಏರಿ ಉಸಿರು ಕಟ್ಟತೊಡಗಿದ ಮೇಲೆ ಕ್ಯಾಸಂಬಳ್ಳಿಯ ಮನೆಯಲ್ಲೇ ಉಳಿದಿದ್ದಳು. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಬೇಕಿತ್ತು. ಅದರ ಖರ್ಚಿಗಾಗಿ ಒಂದು ಟ್ರಸ್ಟಿಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಅಷ್ಟರೊಳಗೆ ತೂಕ ಸ್ವಲ್ಪ ಇಳಿದರೆ ಆಪರೇಷನ್ ಸಲೀಸಾಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಸೊಪ್ಪು, ಮೊಳಕೆಕಾಳು, ಮಜ್ಜಿಗೆಯಲ್ಲೇ ದಿನ ನೂಕಿದಳು. ಅವಳ ಕಣ್ಣಿಗೆ ಬೀಳದಿರಲೆಂದು ತಾಯಿ ಮುನಿಶಾಮಮ್ಮ ಅನ್ನದ ಪಾತ್ರೆಯನ್ನು ಪಕ್ಕದ ಮನೆಯಲ್ಲಿ ಇಡುತ್ತಿದ್ದಳು. ರವಿಕೆಗಳು ಸಡಿಲವಾಗತೊಡಗಿದವು.

ಅಂಥದ್ದರಲ್ಲಿ ಒಂದು ದಿನ ಟ್ರಸ್ಟಿನವರು ಫೋನ್ ಮಾಡಿದರು. ಮಂಜೂರಾತಿ ಇನ್ನೂ ಆಗಿಲ್ಲ, ಕೊಡುವ ಮುಂಚೆ ಮತ್ತೊಮ್ಮೆ ತೂಕ ನೋಡುತ್ತೇವೆ, ನಾವು ಇಟ್ಟಿರುವ ಮಿತಿಗಿಂತ ಕಡಿಮೆ ಇದ್ದರೆ ಹಣ ಸಿಗುವುದಿಲ್ಲ ಎಂದರು.

"ಡಾಕ್ಟ್ರೇ ಇಳಿಸ್ಕೊ ಅಂದ್ರು ಸಾರ್," ಎಂದಳು ವನಿತಾ.

"ಅದು ಆಸ್ಪತ್ರೆ ವಿಷಯ ಕಣಮ್ಮ. ಇದು ನಮ್ಮ ರೂಲ್ಸು."

ಸಂಜೆ ಮುನಿಶಾಮಮ್ಮ ಅವರೆಕಾಳಿನ ಸಾರು ಮಾಡಿ, ಬಿಸಿಮುದ್ದೆಯನ್ನು ಮಗಳ ತಟ್ಟೆಗಿಟ್ಟಳು.

"ಉಣ್ಣೇ. ಕಾಸು ಬಂದ್ಮ್ಯಾಲೆ ಇಳಿಸ್ಕೊಳ್ಳೀವಂತೆ."

"ಏರಿದ್ರೆ ಡಾಕ್ಟ್ರು ಬೈತಾರೆ ಕಣಮ್ಮ."

"ಇಳಿದ್ರೆ ಇವ್ರು ಕೊಡಲ್ವಲ್ಲೇ! ನೆನ್ನೆಗಂಟ ಬಚ್ಚಿಟ್ಟೆ, ಈಗ ಬಡಿಸ್ತಾ ಕುಂತಿವ್ನಿ. ನಂಗೂ ತಲೆ ಕೆಟ್ಟೋಗೈತೆ. ಯಾರ್ ಮಾತು ಕೇಳೋದು, ನೀನೇ ಯೋಳು."

ವನಿತಾ ಎಷ್ಟೋ ದಿನದಿಂದ ಹತ್ತಿಕ್ಕಿದ್ದ ಹಸಿವು ಸಾರಿನ ಘಮಕ್ಕೆ ಎದ್ದು ಕೂತಿತ್ತು. ತಾಯಿ ಎರಡನೆಯ ಮುದ್ದೆ ಇಟ್ಟಾಗಲೂ ಅವಳು ತಟ್ಟೆ ಹಿಂದಕ್ಕೆಳೆಯಲಿಲ್ಲ. ಅಳುತ್ತಲೇ ಮುರಿದು, ಸಾರಿಗೆ ಅದ್ದಿ ನುಂಗತೊಡಗಿದಳು. ಮುನಿಶಾಮಮ್ಮ ಸೌಟು ಹಿಡಿದು ಎದುರಿಗೇ ಕೂತಿದ್ದಳು. ತಟ್ಟೆಯಲ್ಲಿ ಸಾರು ತಗ್ಗಿದಾಗ ಇನ್ನೊಂದು ಸೌಟು ಸುರಿದಳು.